ಬೇಲಿಯಿಲ್ಲದ ಹೊಗೆ

(ಬೆಂಗಳೂರು ಉತ್ತರ ಭಾಗದ ಶೆಟ್ಟಿಹಳ್ಳಿಯಲ್ಲಿ ನೆಲೆಸಿರುವ ಮಲೆನಾಡಿನ ವಿದ್ಯಾರ್ಥಿಗಳೂ ದುಡಿಯುವವರೂ ಸೇರಿ ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಊರಿನ ಓದುಗರ ಅನುಕೂಲಕ್ಕಾಗಿ ಅಲ್ಲಲ್ಲಿ ವಿವರಗಳನ್ನು ಸೇರಿಸಲಾಗಿದೆ.)



ಪರಿಸರದ ಬಗ್ಗೆ ಮಾತನಾಡಬೇಕೆಂದು ನೀವು ನನ್ನನ್ನು ಕರೆದಿದ್ದೀರಿ. ಕಾಡು, ಹೊಳೆ, ಗಣಿ, ಅಣೆಕಟ್ಟು ಇವುಗಳಲ್ಲಿ ಯಾವುದಾದರೊಂದನ್ನು ಎತ್ತಿಕೊಳ್ಳುತ್ತೇನೆಂದು ನೀವು ಎಣಿಸಿರಬಹುದು. ಇಂದು ನಾನು ಅವೆಲ್ಲಕ್ಕಿಂತ ಚಿಕ್ಕದಾದ ಒಂದು ಪರಿಸರವನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಅದು ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯೊಳಗಿನ ಗಾಳಿ. ಶೆಟ್ಟಿಹಳ್ಳಿಯ ಹೆಸರಿನಲ್ಲಿ ಮಾತ್ರ ಇಂದು ಹಳ್ಳಿ ಉಳಿದಿದೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ಯಶವಂತಪುರ, ಹೆಬ್ಬಾಳಗಳ ಕಡೆ ಓದಲು ಹೋಗುವವರು ಇಲ್ಲಿ ನಾಲ್ಕು ನಾಲ್ಕು ಮಂದಿ ಸೇರಿ ಒಂದೊಂದು ಬಾಡಿಗೆ ಕೋಣೆ ಹಿಡಿದಿದ್ದೀರಿ. ನಾಲ್ವರಲ್ಲಿ ಒಬ್ಬನು ಸಿಗರೇಟು ಹಚ್ಚಿದರೆ ಉಳಿದ ಮೂವರು ಏನು ಮಾಡಬೇಕು? ಇದು ಸ್ನೇಹದ ಪ್ರಶ್ನೆಯೆಂದು ನಾವು ಸುಮ್ಮನಾಗುತ್ತೇವೆ. ನನ್ನ ದೃಷ್ಟಿಯಲ್ಲಿ ಇದು ಪರಿಸರದ ಪ್ರಶ್ನೆ, ಅದಕ್ಕಿಂತ ಹೆಚ್ಚಾಗಿ ನ್ಯಾಯದ ಪ್ರಶ್ನೆ.

ನಾನು ವೈದ್ಯನಲ್ಲ, ಬೇಸಾಯ ವಿಜ್ಞಾನವನ್ನು ಓದಿದವನು. ಹಾಗಿರುವಾಗ ಧೂಮಪಾನ ಮತ್ತು ಕ್ಯಾನ್ಸರಿನ ವಿಷಯಕ್ಕೆ ಏಕೆ ಬಂದೆನೆಂಬುದನ್ನು ಮೊದಲು ಹೇಳಬೇಕು.

ಚಿಕ್ಕಪ್ಪನ ಪ್ರಶ್ನೆ

ಏಳು ವರ್ಷಗಳ ಹಿಂದಿನ ಮಾತು. ತೀರ್ಥಹಳ್ಳಿ ಸೀಮೆಯ ಒಂದು ಒಂಟಿಮನೆಯಲ್ಲಿ ಬಾಳಿದ ನನ್ನ ಚಿಕ್ಕಮ್ಮನಿಗೆ ಆರಿದ್ರಾ ಮಳೆಯಲ್ಲಿ ಹಿಡಿದ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ. ಮನೆಮದ್ದುಗಳೆಲ್ಲ ಮುಗಿದ ಮೇಲೆ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ವೈದ್ಯರು ವಾಡಿಕೆಯಂತೆ, "ಅಮ್ಮಾ, ಬೀಡಿ ಸಿಗರೇಟಿನ ಅಭ್ಯಾಸ ಉಂಟೆ?" ಎಂದು ಕೇಳಿದರು. ಆ ಸಂಕಟದಲ್ಲಿಯೂ ಚಿಕ್ಕಮ್ಮನಿಗೆ ಸಿಟ್ಟು ಬಂತು. "ನಮ್ಮ ಮನೆ ಹೆಂಗಸರು ಅಂಥದ್ದೆಲ್ಲ ಮುಟ್ಟೋರಲ್ಲ" ಎಂದರು. ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪ ನೆಲ ನೋಡುತ್ತಿದ್ದರು. ನಲವತ್ತು ವರ್ಷಗಳಿಂದ ಅವರದು ದಿನಕ್ಕೊಂದು ಕಟ್ಟು ಬೀಡಿ.

ಹನ್ನೊಂದು ತಿಂಗಳಲ್ಲಿ ಚಿಕ್ಕಮ್ಮ ಹೋದರು. ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಚಿಕ್ಕಪ್ಪ ನನ್ನನ್ನು ಜಗಲಿಯ ಮೂಲೆಗೆ ಕರೆದು ಕೇಳಿದರು: "ನೀನು ಓದಿದವನು. ನಿಜ ಹೇಳು ಮಾರಾಯ. ನನ್ನ ಬೀಡಿಯಿಂದಲೇ ಆಯ್ತಾ?"

ಆ ದಿನ ನಾನು ಉತ್ತರ ಕೊಡಲಿಲ್ಲ. ಏನೋ ಸಮಾಧಾನ ಹೇಳಿ ತಪ್ಪಿಸಿಕೊಂಡೆ. ಸಂಶೋಧನೆಯ ಕಾಗದಪತ್ರಗಳನ್ನು ಓದಲು ಕುಳಿತದ್ದು ಆಮೇಲೆ. ಇಂದಿನ ಭಾಷಣ ಆ ಓದಿನ ಸಾರ.

ಕೊಳೆರೋಗ ಕಲಿಸಿದ ಪಾಠ

ನಮಗೆ ಪರಿಚಯವಿರುವ ಒಂದು ರೋಗದಿಂದ ಆರಂಭಿಸೋಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಬಂದರು. ಮುಂದೆ ಇಲಾಖೆಯ ನಿರ್ದೇಶಕರಾದವರು, ಹೆಬ್ಬಾಳದ ಕೃಷಿ ಶಾಲೆ ಬೆಳೆದುದು ಅವರ ಆಸಕ್ತಿಯಿಂದ. ಅವರು ಮಲೆನಾಡಿನ ತೋಟಗಳನ್ನು ಸುತ್ತಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದ್ದು ಆ ಕೆಲಸದಿಂದ.

ಕೊಳೆರೋಗ ನಮ್ಮ ಹಿರಿಯರಿಗೆ ಎರಡು ಸಂಗತಿಗಳನ್ನು ಕಲಿಸಿತು. ಮೊದಲನೆಯದು, ಔಷಧವನ್ನು ಮಳೆ ಹಿಡಿಯುವ ಮುನ್ನ ಹೊಡೆಯಬೇಕು. ಕೊಳೆ ತಗುಲಿ ಉದುರಿದ ಕಾಯಿಗೆ ಮದ್ದಿಲ್ಲ. ಎರಡನೆಯದು, ರೋಗದ ಬೀಜ ಮಳೆಹನಿ ಮತ್ತು ಗಾಳಿಯ ಜೊತೆ ಸಾಗುವುದರಿಂದ ಅದಕ್ಕೆ ಬೇಲಿಯ ಅಡ್ಡಿಯಿಲ್ಲ. ಪಕ್ಕದ ತೋಟದವನು ಔಷಧ ಹೊಡೆಯದೆ ಬಿಟ್ಟರೆ ಅದು ಅವನ ಸ್ವಂತ ವಿಷಯವೆಂದು ಯಾವ ಬೆಳೆಗಾರನೂ ಹೇಳುವುದಿಲ್ಲ. ಧೂಮಪಾನದ ವಿಷಯದಲ್ಲಿಯೂ ನಾವು ಈ ಎರಡು ಮಾತುಗಳನ್ನು ನೆನಪಿಟ್ಟುಕೊಂಡರೆ ಸಾಕು.

ಪ್ರಯೋಗದ ತಾಕುಗಳಲ್ಲಿ ಕೆಲಸ ಮಾಡುವ ನಮಗೆ ಇನ್ನೊಂದು ಶಿಸ್ತು ಇದೆ. ಒಂದು ಸಸಿ ಬಾಡಿದರೆ ಕಾರಣವನ್ನು ಖಚಿತವಾಗಿ ಹೇಳಲಾಗದು. ನೀರು ಹೆಚ್ಚಾಗಿರಬಹುದು, ಬೇರುಹುಳು ಇರಬಹುದು. ಆದರೆ ಒಂದು ತಾಕಿನ ನೂರು ಸಸಿಗಳಲ್ಲಿ ಮೂವತ್ತು ಬಾಡಿ, ಉಳಿದೆಲ್ಲ ವಿಧದಲ್ಲಿ ಅದರಂತೆಯೇ ಇರುವ ಇನ್ನೊಂದು ತಾಕಿನಲ್ಲಿ ಎರಡೇ ಬಾಡಿದರೆ, ಆ ಎರಡು ತಾಕುಗಳ ನಡುವಿನ ವ್ಯತ್ಯಾಸವನ್ನು ಹುಡುಕುತ್ತೇವೆ. ಕ್ಯಾನ್ಸರಿನ ಕಾರಣಗಳನ್ನು ಹುಡುಕಿದವರೂ ಹೀಗೆಯೇ ಮಾಡಿದರು.

ಸೇದುವವರ ಲೆಕ್ಕ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಏರುತ್ತ ಹೋಯಿತು. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಕಾರಣ ಹುಡುಕಲು ಹೊರಟರು. ರಸ್ತೆಗೆ ಹಾಕುವ ಡಾಂಬರು ಅಥವಾ ಮೋಟಾರು ವಾಹನಗಳ ಹೊಗೆ ಕಾರಣವಿರಬೇಕೆಂಬುದು ಡಾಲ್ ಅವರ ಮೊದಲ ಊಹೆಯಾಗಿತ್ತು. ಲಂಡನ್ನಿನ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳನ್ನೂ ಬೇರೆ ರೋಗಿಗಳನ್ನೂ ಒಂದೇ ಪ್ರಶ್ನೆಗಳಿಂದ ವಿಚಾರಿಸಿದಾಗ ಎದ್ದು ಕಂಡದ್ದು ಸಿಗರೇಟು. ಸ್ವತಃ ಸೇದುತ್ತಿದ್ದ ಡಾಲ್ ಸೇದುವುದನ್ನು ಬಿಟ್ಟರು. ಫಲಿತಾಂಶ 1950ರಲ್ಲಿ ಪ್ರಕಟವಾಯಿತು.

ಅವರು ಅಲ್ಲಿಗೆ ನಿಲ್ಲಲಿಲ್ಲ. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು, ಉತ್ತರಿಸಿದವರಲ್ಲಿ 34,439 ಪುರುಷ ವೈದ್ಯರ ಬದುಕು ಮತ್ತು ಸಾವಿನ ಲೆಕ್ಕವನ್ನು ಐವತ್ತು ವರ್ಷ ಇಟ್ಟರು. 2004ರಲ್ಲಿ ಪ್ರಕಟವಾದ ಆ ಲೆಕ್ಕದ ಸಾರ ಇಷ್ಟು: ಬಿಡದೆ ಸಿಗರೇಟು ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲು ಸತ್ತರು. 60ನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9, 30ರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಆ ಹತ್ತೂ ವರ್ಷ ಮರಳಿ ದೊರೆತವು. ಇಲ್ಲಿ ಕುಳಿತಿರುವ ಹೆಚ್ಚಿನವರಿಗೆ ಇನ್ನೂ ಮೂವತ್ತಾಗಿಲ್ಲ.

"ಅದು ಸಿಗರೇಟಿನ ಮಾತು, ನಮ್ಮದು ಬೀಡಿ, ಎಲೆಯಲ್ಲಿ ಸುತ್ತಿದ್ದು" ಎಂದು ಊರಿನಲ್ಲಿ ಹೇಳುವುದುಂಟು. ಬೀಡಿ ಎಲೆಯಲ್ಲಿ ಗಾಳಿ ಆಡುವುದಿಲ್ಲ. ಅದು ಆರದಂತೆ ನೋಡಿಕೊಳ್ಳಲು ಮತ್ತೆ ಮತ್ತೆ, ಆಳವಾಗಿ ಎಳೆಯಬೇಕಾಗುತ್ತದೆ. ಪ್ರಭಾತ್ ಝಾ ಮತ್ತು ಸಂಗಡಿಗರು ನಮ್ಮ ದೇಶದ 11 ಲಕ್ಷ ಮನೆಗಳಲ್ಲಿ ಸಾವಿನ ಕಾರಣಗಳನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೀಡಿ ಸೇದುವ ಗಂಡಸರು ಸುಮಾರು 6 ವರ್ಷವನ್ನೂ ಹೆಂಗಸರು ಸುಮಾರು 8 ವರ್ಷವನ್ನೂ ಕಳೆದುಕೊಳ್ಳುತ್ತಾರೆ. ಸಿಗರೇಟು ಸೇದುವ ಗಂಡಸರು ಕಳೆದುಕೊಳ್ಳುವುದು ಸುಮಾರು 10 ವರ್ಷ.

ಹೊಗೆಯೊಳಗೆ ಏನಿದೆ?

ತಂಬಾಕಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರ್ ತರಬಲ್ಲವು. ಬೆಂಜೋಪೈರೀನ್ ಎಂಬ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮ ಜೀವಕೋಶಗಳಲ್ಲಿ ಪಿ-53 ಎಂಬ ಒಂದು ವಂಶವಾಹಿ ಇದೆ. ಕೋಶವೊಂದು ಕೆಟ್ಟು ಅಂಕೆಮೀರಿ ಬೆಳೆಯತೊಡಗಿದರೆ ಅದನ್ನು ತಡೆಯುವ ಕಾವಲುಗಾರ ಅದು. ಬೆಂಜೋಪೈರೀನ್ ದೇಹದೊಳಗೆ ರೂಪಾಂತರಗೊಂಡು ಆ ಕಾವಲುಗಾರನಿಗೇ ಅಂಟಿಕೊಳ್ಳುತ್ತದೆ. ಹಾಗೆ ಅಂಟುವ ತಾಣಗಳು, ಶ್ವಾಸಕೋಶದ ಕ್ಯಾನ್ಸರಿನ ಗಂಟುಗಳಲ್ಲಿ ಪಿ-53 ಕೆಟ್ಟಿರುವ ತಾಣಗಳೇ ಎಂಬುದನ್ನು 1996ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ತಾಕುಗಳ ಹೋಲಿಕೆಯಿಂದ ದೊರೆತಿದ್ದ ತೀರ್ಮಾನಕ್ಕೆ ಜೀವಕೋಶದೊಳಗಿನ ಸಾಕ್ಷಿಯೂ ಸಿಕ್ಕಿತು.

ಉರಿಯುವ ಬೀಡಿಯಿಂದ ಎರಡು ಬಗೆಯ ಹೊಗೆ ಬರುತ್ತದೆ. ಸೇದುವವನು ಎಳೆದು ಬಿಡುವ ಹೊಗೆ ಒಂದು. ಎರಡು ಎಳೆತಗಳ ನಡುವೆ ತುದಿಯಿಂದ ತಾನಾಗಿ ಏಳುವ ಹೊಗೆ ಇನ್ನೊಂದು. ಎಳೆಯುವಾಗ ಕೆಂಡ ಕೆಂಪಾಗಿ ಚೆನ್ನಾಗಿ ಉರಿಯುತ್ತದೆ. ಬಿಟ್ಟಾಗ ಕಾವು ಇಳಿದು ಹೊಗೆಯಾಡುತ್ತದೆ. ಹಸಿ ಕಟ್ಟಿಗೆಯ ಒಲೆಯನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅರೆಬರೆ ಉರಿದ ಹೊಗೆಯಲ್ಲಿ ಹಲವು ವಿಷಗಳ ಪ್ರಮಾಣ ಹೆಚ್ಚು. ಪಕ್ಕದಲ್ಲಿ ಕುಳಿತವರ ಮೂಗಿಗೆ ಹೋಗುವುದು ಬಹುಪಾಲು ಈ ಎರಡನೆಯ ಹೊಗೆಯೇ. ಇದನ್ನು ಪರೋಕ್ಷ ಧೂಮಪಾನ ಎನ್ನುತ್ತೇವೆ. ಕಿಟಕಿ ತೆರೆದರೂ, ಫ್ಯಾನು ಹಾಕಿದರೂ, ಸೇದುವವನು ಅದೇ ಮನೆಯ ಇನ್ನೊಂದು ಕೋಣೆಗೆ ಹೋದರೂ ಅಪಾಯ ಪೂರ್ತಿಯಾಗಿ ಹೋಗುವುದಿಲ್ಲ, ಸುರಕ್ಷಿತವಾದ ಪ್ರಮಾಣ ಎಂಬುದೊಂದಿಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ವರದಿ 2006ರಲ್ಲಿ ಸ್ಪಷ್ಟಪಡಿಸಿತು.

ಸೇದದವರ ಲೆಕ್ಕ

ಇನ್ನು ಚಿಕ್ಕಪ್ಪನ ಪ್ರಶ್ನೆಗೆ ಹತ್ತಿರ ಬರುತ್ತಿದ್ದೇನೆ. ಜಪಾನಿನ ತಕೇಶಿ ಹಿರಾಯಾಮ ಎಂಬ ವಿಜ್ಞಾನಿ 91,540 ಮಂದಿ ಗೃಹಿಣಿಯರ ಆರೋಗ್ಯವನ್ನು 14 ವರ್ಷ ಗಮನಿಸಿದರು. ಅವರೆಲ್ಲರೂ ನಲವತ್ತು ದಾಟಿದವರು, ತಾವು ಎಂದೂ ಸೇದದವರು. ಹಿರಾಯಾಮ ಕೇಳಿದ ಪ್ರಶ್ನೆ ಸರಳವಾಗಿತ್ತು: ಇವರ ಗಂಡಂದಿರು ಸೇದುತ್ತಿದ್ದರೆ? 1981ರಲ್ಲಿ ಪ್ರಕಟವಾದ ಉತ್ತರ ಜಗತ್ತನ್ನು ಬೆಚ್ಚಿಬೀಳಿಸಿತು. ದಿನಕ್ಕೆ ಇಪ್ಪತ್ತು ಅಥವಾ ಹೆಚ್ಚು ಸಿಗರೇಟು ಸೇದುವವರ ಹೆಂಡಂದಿರಲ್ಲಿ, ಸೇದದವರ ಹೆಂಡಂದಿರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು ಇಮ್ಮಡಿಯಾಗಿತ್ತು. ಗಂಡ ಸೇದುವ ಪ್ರಮಾಣ ಏರಿದಂತೆ ಹೆಂಡತಿಯ ಅಪಾಯವೂ ಏರಿತ್ತು. ಅದೇ ವರ್ಷ ಗ್ರೀಸ್ ದೇಶದಿಂದಲೂ ಇದೇ ದಿಕ್ಕಿನ ಫಲಿತಾಂಶ ಬಂತು.

ಸಿಗರೇಟು ಕಂಪನಿಗಳ ಒಕ್ಕೂಟ ಹಿರಾಯಾಮರ ಲೆಕ್ಕವೇ ತಪ್ಪೆಂದು ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿತು. ಆದರೆ ಉದ್ಯಮದ ಪರವಾಗಿಯೇ ಪರಿಶೀಲಿಸಿದ ತಜ್ಞರು ಆ ಲೆಕ್ಕ ಸರಿಯೆಂದು ಒಳಗೊಳಗೆ ಒಪ್ಪಿಕೊಂಡಿದ್ದರೆಂಬುದು ಮುಂದೆ ಬಯಲಾದ ಕಂಪನಿ ಕಾಗದಗಳಿಂದ ತಿಳಿಯಿತು. ಗಣಿ, ಕಾರ್ಖಾನೆಗಳ ವಿರುದ್ಧ ಅಹವಾಲು ಹಿಡಿದು ಅಲೆದಿರುವ ನಮಗೆ "ಇನ್ನೂ ಸಾಬೀತಾಗಿಲ್ಲ" ಎಂಬ ಮಾತಿನ ಬೆಲೆ ಗೊತ್ತು. ಅನುಮಾನವನ್ನು ಜೀವಂತವಾಗಿಟ್ಟಷ್ಟು ದಿನ ವ್ಯಾಪಾರ ನಡೆಯುತ್ತದೆ.

ಅನಂತರ ಅನೇಕ ದೇಶಗಳಲ್ಲಿ ಅಧ್ಯಯನಗಳಾದವು. ಅವೆಲ್ಲವನ್ನೂ ಒಟ್ಟಿಗೆ ನೋಡಿದಾಗ, ಸೇದುವವರೊಡನೆ ಬಾಳುವ ಸೇದದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಶೇಕಡಾ 20ರಿಂದ 30ರಷ್ಟು ಹೆಚ್ಚೆಂದು ಕಂಡಿತು. ಹೃದಯದ ಕಾಯಿಲೆಯ ಅಪಾಯವೂ ಶೇಕಡಾ 25ರಿಂದ 30ರಷ್ಟು ಹೆಚ್ಚು. ಮಕ್ಕಳಲ್ಲಿ ಉಬ್ಬಸ, ಕಿವಿಯ ಸೋಂಕು, ಎದೆಯ ಸೋಂಕುಗಳು ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪರೋಕ್ಷ ಧೂಮಪಾನವನ್ನು ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನಿಂದ ಪ್ರತಿವರ್ಷ ಜಗತ್ತಿನಲ್ಲಿ 70 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಬೇರೆಯವರ ಹೊಗೆಯಿಂದ ಸಾಯುವ, ತಾವು ಸೇದದ ಜನ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಸ್ವತಃ ಸೇದುವವನ ಅಪಾಯ ಹಲವು ಪಟ್ಟು ದೊಡ್ಡದು. ಪಕ್ಕದವರ ಅಪಾಯ ಅಷ್ಟು ದೊಡ್ಡದಲ್ಲ. ಆದರೆ ಸೇದುವವನು ತನ್ನ ಅಪಾಯವನ್ನು ತಾನೇ ಆರಿಸಿಕೊಂಡಿದ್ದಾನೆ. ಪಕ್ಕದವರನ್ನು ಯಾರೂ ಕೇಳಿಲ್ಲ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹೊಗೆ ಸೇದುವವರು ಶೇಕಡಾ 8.8 ಮಾತ್ರ. ಅದೇ ಸಮೀಕ್ಷೆಯಲ್ಲಿ, ಮನೆಯೊಳಗೇ ಪರೋಕ್ಷ ಹೊಗೆಗೆ ಒಳಗಾಗುವವರು ಇಡೀ ದೇಶದಲ್ಲಿ ಶೇಕಡಾ 38.7. ಕೆಲವರು ಸೇದುತ್ತಾರೆ, ಅದರ ಹೊಗೆ ಬಹಳ ಜನರ ಎದೆಯೊಳಗೆ ಹೋಗುತ್ತದೆ.

ಅಡುಗೆಮನೆಯ ಹೊಗೆ

ಚಿಕ್ಕಮ್ಮನ ಬದುಕಿನಲ್ಲಿ ಇನ್ನೊಂದು ಹೊಗೆಯೂ ಇತ್ತು. ನಲವತ್ತು ವರ್ಷ ಅವರು ಮಣ್ಣಿನ ಒಲೆಯ ಮುಂದೆ ಕುಳಿತು ಊದುಕೊಳವೆ ಊದಿದವರು. ಮಲೆನಾಡಿನ ಮಳೆಗಾಲದ ಹಸಿ ಕಟ್ಟಿಗೆ, ಮುಚ್ಚಿದ ಬಾಗಿಲು, ಕಪ್ಪಿಟ್ಟ ಅಟ್ಟ, ಅಡಿಕೆ ಬೇಯಿಸುವ ಹಂಡೆ. ಮನೆಯೊಳಗಿನ ಕಲ್ಲಿದ್ದಲಿನ ಹೊಗೆ ಕ್ಯಾನ್ಸರಿಗೆ ಖಚಿತ ಕಾರಣವೆಂದೂ ಕಟ್ಟಿಗೆಯ ಹೊಗೆ ಸಂಭವನೀಯ ಕಾರಣವೆಂದೂ ಅದೇ ಸಂಶೋಧನಾ ಸಂಸ್ಥೆ ವಿಂಗಡಿಸಿದೆ. ದಮ್ಮು ಮತ್ತು ಶ್ವಾಸಕೋಶದ ಇತರ ಕಾಯಿಲೆಗಳಿಗಂತೂ ಅದು ಕಾರಣವೇ ಸರಿ.

ಇದಕ್ಕೆ ದಾರಿ ಹುಡುಕಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆ ನಮ್ಮ ಹಳ್ಳಿಗಳ ಅನೇಕ ಅಡುಗೆಮನೆಗಳನ್ನು ಹೊಕ್ಕಿತು. ಕಟ್ಟಿಗೆಯೂ ಉಳಿಯಿತು, ಹೊಗೆಯೂ ಕೊಳವೆಯ ಮೂಲಕ ಸೂರಿನಾಚೆಗೆ ಹೋಯಿತು. ಇಂದು ಅಡುಗೆ ಅನಿಲ ಬಂದಿದೆ. ಆದರೂ ಬಚ್ಚಲ ಒಲೆ ಉರಿಯುತ್ತಲೇ ಇದೆ, ಸಿಲಿಂಡರು ಮುಗಿದ ದಿನ ಹಳೆಯ ಒಲೆ ಮತ್ತೆ ಹೊಗೆಯಾಡುತ್ತದೆ. ಹೊಗೆಯ ಮಾತು ಎತ್ತಿದವರು ಬೀಡಿಯನ್ನು ಮಾತ್ರ ದೂರಿ, ಹೆಂಗಸರ ಪಾಲಿನ ಈ ಹೊಗೆಯನ್ನು ಮರೆತರೆ ನಮ್ಮ ಮಾತು ಅರ್ಧವಾಗುತ್ತದೆ.

ನಮ್ಮ ನೆಲದ ಪಾಲು

ಬೇಸಾಯಗಾರರ ನಡುವೆ ನಿಂತು ಇನ್ನೊಂದನ್ನು ಮುಚ್ಚಿಡಲಾರೆ. ಹೊಗೆಸೊಪ್ಪು ಎಲ್ಲಿಂದಲೋ ಬರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪು ನೆಲದಲ್ಲಿ ಸಿಗರೇಟಿನ ತಂಬಾಕು ಬೆಳೆಯುತ್ತದೆ. ಆ ಎಲೆಯನ್ನು ಬ್ಯಾರನ್ನುಗಳಲ್ಲಿ ಹಗಲಿರುಳು ಹಲವು ದಿನ ಬಿಸಿಗಾಳಿಯಲ್ಲಿ ಹದಮಾಡಬೇಕು. ಒಂದು ಕಿಲೋ ಒಣ ಎಲೆಗೆ ಹಲವು ಕಿಲೋ ಕಟ್ಟಿಗೆ ಬೇಕು. ಆ ಕಟ್ಟಿಗೆ ಯಾವುದೋ ತೋಪಿನದು, ಯಾವುದೋ ಕಾಡಂಚಿನದು. ಸೇದುವವನು ಕಡ್ಡಿ ಗೀರುವ ಮುನ್ನವೇ ಒಂದಿಷ್ಟು ಮರ ಹೊಗೆಯಾಗಿ ಹೋಗಿರುತ್ತದೆ. ಆ ರೈತನನ್ನು ನಾನು ದೂಷಿಸುವುದಿಲ್ಲ. ಮಳೆ ಕೈಕೊಟ್ಟರೂ ಹರಾಜಿನಲ್ಲಿ ಒಂದು ಬೆಲೆ ಸಿಗುವ ಬೆಳೆ ಅವನಿಗೆ ಬೇರೆ ಕಾಣುತ್ತಿಲ್ಲ. ಬದಲಿ ಬೆಳೆಗೆ ಅಂಥ ಮಾರುಕಟ್ಟೆಯನ್ನು ಕಟ್ಟಿಕೊಡುವುದು ನನ್ನಂಥವರೂ ಸರ್ಕಾರವೂ ಮಾಡಬೇಕಾಗಿರುವ ಕೆಲಸ.

"ಅವರ ತಂಬಾಕನ್ನು ಹೇಳಿದಿರಿ, ನಮ್ಮ ಅಡಿಕೆಯನ್ನು ಏಕೆ ಬಿಟ್ಟಿರಿ?" ಎಂದು ಯಾರಾದರೂ ಕೇಳಬೇಕು. ಅಡಿಕೆಯನ್ನೂ ಅದೇ ಅಂತಾರಾಷ್ಟ್ರೀಯ ಸಂಸ್ಥೆ ಕ್ಯಾನ್ಸರಿನ ಮೊದಲ ಗುಂಪಿಗೆ ಸೇರಿಸಿದೆ. ನಾನು ಅಡಿಕೆಯ ಹಣದಿಂದ ಓದಿದವನು. ಈ ಮಾತು ನನಗೂ ಕಹಿ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಯ ಪೊಟ್ಟಣವನ್ನೂ ತಂಬಾಕಿನ ಪೊಟ್ಟಣವನ್ನೂ ಬೇರೆಬೇರೆಯಾಗಿ ಮಾರಿ, ಕೊಂಡವನೇ ಬೆರೆಸಿಕೊಳ್ಳುವ ಉಪಾಯ ಆ ಮೇಲೆ ಹರಡಿತು. ಈ ವಿಷಯಕ್ಕೆ ಒಂದು ಬೇರೆಯೇ ಸಭೆ ಬೇಕು, ಅದನ್ನು ತೋಟದವರೇ ಕರೆಯಬೇಕು.

ಕಾನೂನು ಎಲ್ಲಿಯವರೆಗೆ?

1999ರ ಜುಲೈಯಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದು ಇತರರ ಜೀವಿಸುವ ಹಕ್ಕಿಗೆ ಭಂಗವೆಂದು ತೀರ್ಪಿತ್ತಿತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಆಸ್ಪತ್ರೆ, ಶಾಲೆ, ಬಸ್ಸು, ರೈಲುಗಳಂಥ ಸ್ಥಳಗಳಲ್ಲಿ ಧೂಮಪಾನವನ್ನು ದೇಶಾದ್ಯಂತ ತಡೆಯಿತು. 2003ರಲ್ಲಿ ಕೇಂದ್ರದ ಕಾಯಿದೆ ಬಂತು, 2008ರ ಅಕ್ಟೋಬರ್ 2ರಿಂದ ಬಿಗಿಯಾದ ನಿಯಮಗಳು ಜಾರಿಯಾದವು. ಕರ್ನಾಟಕದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿತು. 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಈ ವಯಸ್ಸಿನವರೇ.

ಇವೆಲ್ಲ ಒಳ್ಳೆಯವೇ. ಆದರೆ ಮನೆಯ ಹೊಸಿಲ ಬಳಿ ಕಾನೂನು ನಿಂತುಬಿಡುತ್ತದೆ. ಚಿಕ್ಕಮ್ಮನ ಜಗಲಿಗೆ, ನಿಮ್ಮ ಬಾಡಿಗೆ ಕೋಣೆಗೆ ಯಾವ ಪೊಲೀಸನೂ ಬರಲಾರ. ಅಲ್ಲಿಗೆ ಬೇಕಾದದ್ದು ನಾವು ನಾವೇ ಮಾಡಿಕೊಳ್ಳುವ ಕಟ್ಟಳೆ. 1983ರಲ್ಲಿ ಸಿರ್ಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತಾಗ ಅವರು ಕಾಯುತ್ತಿದ್ದುದು ಎಲ್ಲರಿಗೂ ಸೇರಿದ ಒಂದು ಸಂಪತ್ತನ್ನು. ನಾಲ್ವರು ಮಲಗುವ ಕೋಣೆಯ ಗಾಳಿಯೂ ನಾಲ್ವರಿಗೂ ಸೇರಿದ್ದು.

ಮಳೆಗೆ ಮುನ್ನ

ಮಾತಿನಿಂದ ಏನಾದೀತು ಎನ್ನುವವರಿಗೆ ಒಂದು ಉದಾಹರಣೆ. ಫಾಲಿ ಮೆಹ್ತಾ, ಪ್ರಕಾಶ್ ಗುಪ್ತ, ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಮೊದಲಾದವರು ಕೇರಳದ ಎರ್ನಾಕುಲಂ ಸೇರಿದಂತೆ ದೇಶದ ಮೂರು ಕಡೆ ಹಳ್ಳಿಗಳಲ್ಲಿ 36,000 ತಂಬಾಕು ಬಳಕೆದಾರರನ್ನು ಕಂಡು, ಬಿಡುವಂತೆ ತಿಳಿಹೇಳುವ ಕಾರ್ಯ ಕೈಗೊಂಡರು. ದುಬಾರಿ ಔಷಧವಿಲ್ಲ, ಯಂತ್ರವಿಲ್ಲ. ಬಾಯಿ ಪರೀಕ್ಷೆ, ಚಿತ್ರಪ್ರದರ್ಶನ, ಎದುರು ಕುಳಿತು ಮಾತು, ಇಷ್ಟೆ. 1986ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಿಳಿಹೇಳದ ಗುಂಪಿಗಿಂತ ಈ ಗುಂಪಿನಲ್ಲಿ ಬಿಟ್ಟವರು ಹೆಚ್ಚಾದರು. ಬಾಯಿಯ ಕ್ಯಾನ್ಸರಿಗೆ ಮುನ್ಸೂಚನೆಯಾದ ಬಿಳಿ ಮಚ್ಚೆಗಳೂ ಎರ್ನಾಕುಲಂನಲ್ಲಿ ಗಣನೀಯವಾಗಿ ಕಡಿಮೆಯಾದವು. ಮಳೆಗೆ ಮುನ್ನ ಔಷಧ ಹೊಡೆಯುವುದೆಂದರೆ ಇದೇ.

ಬಿಡುವುದು ಸುಲಭವೆಂದು ನಾನು ಹೇಳುವುದಿಲ್ಲ. ಹೆಬ್ಬಾಳದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನೂ ಐದು ವರ್ಷ ಸೇದಿದವನೇ. ಕೋಣೆಯ ಗೆಳೆಯ ಕೆಮ್ಮಿದಾಗ "ಕಿಟಕಿ ತೆಗೆಯೋ" ಎಂದದ್ದು ನೆನಪಿದೆ. ನಾನು ಎದ್ದು ಹೊರಗೆ ಹೋಗಬೇಕಿತ್ತೆಂಬುದು ಆಗ ಹೊಳೆಯಲಿಲ್ಲ. ಮೂರು ಬಾರಿ ಬಿಟ್ಟು, ಮೂರು ಬಾರಿ ಮತ್ತೆ ಹಿಡಿದು, ನಾಲ್ಕನೆಯ ಬಾರಿ ಬಿಟ್ಟೆ. ನಿಕೋಟಿನ್ ಮಿದುಳನ್ನು ಕಟ್ಟಿಹಾಕುವ ವಸ್ತು. ಸೋತವನನ್ನು ಹಂಗಿಸುವುದರಿಂದ ಯಾರೂ ಬಿಡುವುದಿಲ್ಲ. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ದೂರವಾಣಿ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯಲ್ಲಿ ಪಾಲುಗೊಂಡಿದೆ.

ನನ್ನ ಕೋರಿಕೆ ಮೂರು. ಇಲ್ಲಿಯ ಪ್ರತಿ ಕೋಣೆಯಲ್ಲಿ ಇಂದೇ ಕುಳಿತು ಒಂದು ಕಟ್ಟಳೆ ಮಾಡಿಕೊಳ್ಳಿ: ಸೇದುವವನು ಸೂರಿನಿಂದ ಹೊರಗೆ, ಇತರರಿಂದ ದೂರ. ಊರಿಗೆ ಹೋದಾಗ ಅಡುಗೆಮನೆಯ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆಂದು ತಲೆಯೆತ್ತಿ ನೋಡಿ, ದಾರಿಯಿಲ್ಲದಿದ್ದರೆ ಮಾಡಿಕೊಡಿ. ಮೂರು ವಾರಕ್ಕೂ ಮೀರಿದ ಕೆಮ್ಮು ಮನೆಯ ಯಾರಿಗೇ ಇದ್ದರೂ, ಅವರು ಎಂದೂ ಸೇದದವರಾದರೂ, ದೀಪಾವಳಿಯವರೆಗೆ ಕಾಯಬೇಡಿ.

ಚಿಕ್ಕಪ್ಪನಿಗೆ ನಾನು ಎರಡು ವರ್ಷ ತಡವಾಗಿ ಉತ್ತರ ಕೊಟ್ಟೆ. "ಒಬ್ಬರ ಕಾಯಿಲೆಗೆ ಇದೇ ಕಾರಣ ಅಂತ ಯಾರೂ ಹೇಳೋಕೆ ಬರಲ್ಲ ಚಿಕ್ಕಪ್ಪ. ಒಲೆಯ ಹೊಗೆಯೂ ಇತ್ತು, ಬೀಡಿಯ ಹೊಗೆಯೂ ಇತ್ತು. ಆದರೆ ಸಾವಿರ ಮನೆ ಲೆಕ್ಕ ಹಿಡಿದರೆ, ಬೀಡಿ ಸೇದುವ ಮನೆಯಲ್ಲಿ ಇಂಥ ಸಾವು ಹೆಚ್ಚು. ಅದು ನಿಜ" ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಆ ವರ್ಷದ ಅಡಿಕೆ ಸುಲಿಯುವ ರಾತ್ರಿ ನಾನು ಅಲ್ಲಿದ್ದೆ. ಚಪ್ಪರದ ಕೆಳಗೆ ಇಪ್ಪತ್ತು ಮಂದಿ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರು. ಪಕ್ಕದಲ್ಲಿ ಗೋಣಿಚೀಲದ ಮೇಲೆ ಅವರ ಮಕ್ಕಳು ಮಲಗಿದ್ದವು. ಒಬ್ಬನು ಕಿವಿಯ ಮೇಲಿನ ಬೀಡಿಗೆ ಕೈ ಹಾಕಿದ. ಚಿಕ್ಕಪ್ಪ, "ಇಲ್ಲಿ ಬೇಡ ಮಾರಾಯ, ಅಂಗಳ ದಾಟಿ ಹೋಗು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೂ ಎದ್ದು, ಕಂಬಳಿ ಹೊದ್ದು, ಇಬ್ಬನಿಯಲ್ಲಿ ದಣಪೆಯ ಆಚೆಗೆ ಹೋಗಿ ನಿಂತರು. ಅವರು ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಆ ಚಪ್ಪರದೊಳಗೆ ಅಂದಿನಿಂದ ಯಾರೂ ಬೀಡಿ ಹಚ್ಚಿಲ್ಲ.

ನೀವೂ ಅಷ್ಟರಿಂದ ಆರಂಭಿಸಬಹುದು.